ಡೆಪಾಸಿಟ್ ವಾಪಸ್ ಬರಲಿಲ್ವಾ? ಕೌಂಟಿ ಕೋರ್ಟಿಗೆ ಹೋಗುವುದು ಹೀಗೆ

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ 21 ದಿನದೊಳಗೆ ಮಾಲೀಕರು ಡೆಪಾಸಿಟ್ ವಾಪಸ್ ಕೊಡಬೇಕು. ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ಲೆಕ್ಕ ಕೊಡಬೇಕು. ಕೊಡಲಿಲ್ಲವಾ? ಮೊದಲು ಒಂದು ಪತ್ರ ಅಥವಾ ಇಮೇಲ್ ಬರೆದು ದುಡ್ಡು ಕೇಳಿ. ಕೇಳದೆ ಸುಮ್ನೆ ಕೇಸು ಹಾಕುವ ಹಾಗಿಲ್ಲ.

ಆಮೇಲೆ ಸುಪೀರಿಯರ್ ಕೋರ್ಟ್. ರಾಜ್ಯದ 58 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳ ಹಾಗೆ) ಒಂದೊಂದಿದೆ. ಕೊಲೆ ಕೇಸು, ಡಿವೋರ್ಸ್, ವಿಲ್ಲಿನ ಜಗಳ, ಟ್ರಾಫಿಕ್ ಟಿಕೆಟ್ ಎಲ್ಲ ಅಲ್ಲೇ ನಡೆಯುತ್ತದೆ. ವೀಸಾ, ಗ್ರೀನ್ ಕಾರ್ಡ್, ದಿವಾಳಿ ಅರ್ಜಿ ಅಂತ ಅಲ್ಲಿಗೆ ಹೋಗಬೇಡಿ, ಅವೆಲ್ಲ ಫೆಡರಲ್ ಸರ್ಕಾರದ ಕೆಲಸ.

ನಿಮಗೆ ಬೇಕಾಗಿರುವುದು ಅದೇ ಕೋರ್ಟಿನ ಸ್ಮಾಲ್ ಕ್ಲೇಮ್ಸ್ ವಿಭಾಗ, ಅಂದರೆ ಸಣ್ಣ ಮೊತ್ತದ ದುಡ್ಡಿನ ಜಗಳ ನೋಡುವ ವಿಭಾಗ. ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಮಾಲೀಕರು ಬೇಕಂತಲೇ ಮೋಸ ಮಾಡಿದ್ದಾರೆ ಅಂತ ಜಡ್ಜ್‌ಗೆ ಅನಿಸಿದರೆ, ಡೆಪಾಸಿಟ್ ಜೊತೆಗೆ ಅದರ ಎರಡು ಪಟ್ಟಿನವರೆಗೆ ಹೆಚ್ಚಿಗೆ ಕೊಡಿಸಬಹುದು, ಹಾಗಾಗಿ ಫಾರ್ಮ್ ತುಂಬುವಾಗ ಅದನ್ನೂ ಸೇರಿಸಿ ಕೇಳಿ.

ಜನ ಎಡವುವುದು ಕೌಂಟಿ ವಿಷಯದಲ್ಲಿ. ಸನಿವೇಲ್, ಕುಪರ್ಟಿನೊ ಮನೆಯಾದರೆ ಸಾಂಟಾ ಕ್ಲಾರಾ ಕೌಂಟಿ. ಫ್ರೀಮಾಂಟ್ ಪಕ್ಕದಲ್ಲೇ ಇದ್ದರೂ ಅಲಮೀಡಾ ಕೌಂಟಿಗೆ ಸೇರಿದ್ದು. ನೀವು ಈಗ ಎಲ್ಲಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ, ಬಿಟ್ಟ ಮನೆ ಎಲ್ಲಿತ್ತು ಅಂತ ನೋಡಿ.

ಫಾರ್ಮ್ ಹೆಸರು ಎಸ್‌ಸಿ-100. ಕೇಳುವ ಮೊತ್ತದ ಮೇಲೆ ಫೀಸು, ಸಾಮಾನ್ಯವಾಗಿ 30ರಿಂದ 75 ಡಾಲರ್. ಕರಾರು ಪತ್ರದಲ್ಲಿ ಮಾಲೀಕರ ಅಥವಾ ಕಂಪನಿಯ ಹೆಸರು ಹೇಗಿದೆಯೋ ನೋಡಿ ಸರಿಯಾಗಿ ಬರೆಯಿರಿ. ಇದರಲ್ಲಿ ಉದಾಸೀನ ಬೇಡ. ಹೆಸರು ತಪ್ಪಿದರೆ ಗೆದ್ದ ಮೇಲೂ ದುಡ್ಡು ವಸೂಲಿಗೆ ತೊಂದರೆ.

ಕೇಸಿನ ಕಾಗದವನ್ನು ನೀವೇ ಹೋಗಿ ಕೊಡುವ ಹಾಗಿಲ್ಲ. ಕೇಸಿಗೆ ಸಂಬಂಧವಿಲ್ಲದ, 18 ತುಂಬಿದ ಗೆಳೆಯರೊಬ್ಬರು ಕೊಡಬಹುದು. ಮಾಲೀಕರು ಅದೇ ಕೌಂಟಿಯಲ್ಲಿದ್ದರೆ ವಿಚಾರಣೆಗೆ 15 ದಿನ ಮೊದಲು, ಬೇರೆ ಕೌಂಟಿಯಾದರೆ 20 ದಿನ ಮೊದಲು ಕೈಸೇರಬೇಕು.

ವಿಚಾರಣೆ ದಿನ ನಿಮ್ಮ ಪರ ವಕೀಲರು ನಿಲ್ಲುವಂತಿಲ್ಲ, ಅವರ ಪರವೂ ಅಷ್ಟೇ. ಕರಾರು ಪತ್ರ, ಡೆಪಾಸಿಟ್ ಕಟ್ಟಿದ ದಾಖಲೆ, ಮನೆ ಬಿಡುವಾಗ ತೆಗೆದ ಫೋಟೋ ಒಯ್ಯಿರಿ. ಇಂಗ್ಲಿಷ್ ಕಷ್ಟ ಅನಿಸಿದರೆ ದುಭಾಷಿ ಬೇಕು ಅಂತ ಮೊದಲೇ ಅರ್ಜಿ ಹಾಕಿ, ಸಂಕೋಚ ಬೇಡ.

ಇನ್ನೊಂದು ವಿಷಯ. ನೀವು ಹಾಕಿದ ಕೇಸು ನೀವೇ ಸೋತರೆ ಮೇಲ್ಮನವಿ ಇಲ್ಲ, ಮಾಲೀಕರಿಗೆ ಮಾತ್ರ ಇದೆ. ಗೆದ್ದರೂ ಕೋರ್ಟು ತಾನಾಗಿ ದುಡ್ಡು ವಸೂಲಿ ಮಾಡಿ ಕೊಡುವುದಿಲ್ಲ. ಅವರು ಕೊಡದಿದ್ದರೆ ಬ್ಯಾಂಕ್ ಖಾತೆಯಿಂದಲೋ ಸಂಬಳದಿಂದಲೋ ಹಿಡಿಸಿಕೊಡಿ ಅಂತ ಮತ್ತೆ ಅರ್ಜಿ ಹಾಕಿ ನೀವೇ ಬೆನ್ನು ಹತ್ತಬೇಕು.