ಆ ಪ್ಯಾಡನ್ನು ಮಾತ್ರ ಮುಟ್ಟಬೇಡಿ: 1969ರ ಕಮಾರೊ ಎಂಜಿನ್, ನನ್ನ ಅನುಭವ

ನಮ್ಮೂರಲ್ಲಿ ಹಳೆಯ ಗಾಡಿ ಕೊಳ್ಳುವವರು ಮೊದಲು ಕೇಳುವುದು ಆರ್‌ಸಿ ಪುಸ್ತಕ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಅದರಲ್ಲಿರುತ್ತವೆ. ತಾಳೆ ಆಗದಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ದಾವಣಗೆರೆಯಲ್ಲಿ ಅಪ್ಪನ ಲಾರಿಗೆ ಎಫ್‌ಸಿ ಮಾಡಿಸುವಾಗ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆಯುವುದನ್ನು ನೋಡುತ್ತ ಬೆಳೆದವನು ನಾನು. ಅಮೆರಿಕದಲ್ಲಿ ಟೈಟಲ್ ಪತ್ರದ ಮೇಲೆ ಇರುವುದು ಗಾಡಿಯ ನಂಬರ್ ಒಂದೇ. ಎಂಜಿನ್ ಕೆಟ್ಟರೆ ಗುಜರಿಯಿಂದ ಇನ್ನೊಂದು ತಂದು ಕೂರಿಸಿಕೊಳ್ಳಬಹುದು, ಪುಸ್ತಕದಲ್ಲಿ ಏನನ್ನೂ ತಿದ್ದಿಸಬೇಕಿಲ್ಲ. ಅದಕ್ಕೇ ಇಲ್ಲಿನ ಹಳೆಯ ಕಾರುಗಳಲ್ಲಿ ಹುಟ್ಟಿದಾಗಿನ ಎಂಜಿನ್ ಉಳಿದಿದೆ ಎಂದರೆ ಅದಕ್ಕೆ ಅಷ್ಟು ಬೆಲೆ.

ನಾನು ಕೊಂಡದ್ದು 1969ರ ಷೆವರ್ಲೆ ಕಮಾರೊ ಕೂಪೆ. ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನಿಂದಲೇ ಕಾಣುವ ನಂಬರ್ 124379ಎನ್ ಎಂದು ಶುರುವಾಗುತ್ತದೆ. 1 ಎಂದರೆ ಷೆವರ್ಲೆ, 24 ಎಂದರೆ ವಿ8 ಎಂಜಿನ್ನಿನ ಕಮಾರೊ, 37 ಕೂಪೆ, 9 ವರ್ಷ, ಎನ್ ಎಂದರೆ ಒಹಾಯೊದ ನಾರ್‌ವುಡ್ ಕಾರ್ಖಾನೆ. ನಾನಿರುವುದು ಸಿನ್ಸಿನಾಟಿಯಲ್ಲಿ, ನಾರ್‌ವುಡ್ ಪಕ್ಕದಲ್ಲೇ. ಕಾರ್ಖಾನೆ 1987ರಲ್ಲಿ ಮುಚ್ಚಿತು, ಈಗ ಅಲ್ಲಿ ಅದರ ಗೋಡೆಗಳೂ ಇಲ್ಲ. ಆದರೂ ತವರಿಗೆ ವಾಪಸು ಬಂದ ಕಾರು ಇದು ಎಂದು ನನಗೆ ಅನಿಸುತ್ತಲೇ ಇರುತ್ತದೆ.

ಬಾನೆಟ್ಟಿನ ಕೆಳಗಿದ್ದ 350 ಘನ ಇಂಚಿನ ಎಂಜಿನ್ "ಒರಿಜಿನಲ್, ಬ್ಲಾಕ್ ನಂಬರ್ 3970010 ಇದೆ ನೋಡಿ" ಎಂದರು ಮಾರಿದವರು. ಅವರು ಸುಳ್ಳು ಹೇಳಲಿಲ್ಲ, ಹಾಗೆಂದು ನಂಬಿದ್ದರು. ಬ್ಲಾಕ್ ಎಂದರೆ ಎಂಜಿನ್ನಿನ ಎರಕದ ಒಡಲು. ಅದರ ಮೇಲಿನ ಆ ಎರಕದ ನಂಬರ್ 1969ರಿಂದ 1979ರವರೆಗೂ ಬಳಕೆಯಲ್ಲಿತ್ತು. ಕಾರಿಗೂ ಅದೇ, ಪಿಕಪ್‌ಗೂ ಅದೇ. ಅದರಿಂದ ಏನೂ ರುಜುವಾತಾಗುವುದಿಲ್ಲ. ನೋಡಬೇಕಾದ್ದು ಎರಕದ ತಾರೀಖು. ಬ್ಲಾಕಿನ ಹಿಂತುದಿಯ ಅಂಚಿನಲ್ಲಿ, ಪ್ರಯಾಣಿಕರ ಬದಿಗೆ (ಅಮೆರಿಕದ ಕಾರಿನಲ್ಲಿ ಅದು ಬಲಬದಿ), ಒಂದು ಅಕ್ಷರ ಮತ್ತು ಅಂಕಿಗಳು ಉಬ್ಬಿರುತ್ತವೆ. ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ಕೈಗನ್ನಡಿ ಹಿಡಿದು ಓದಿದೆ: ಕೆ 14 4. ನವೆಂಬರ್ 14, 1974. ಕಾರಿಗಿಂತ ಐದು ವರ್ಷ ಚಿಕ್ಕ ಎಂಜಿನ್!

ಬೇಸರದಲ್ಲೇ ಮಾರಿದವರಿಗೆ ಫೋನ್ ಮಾಡಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಅಣ್ಣ ಒಂದು ಎಂಜಿನ್ ಬಿಚ್ಚಿಟ್ಟಿದ್ದ, ಬಡಿತ ಬಂತು ಅಂತ. ಕಣಜದ ಮೂಲೆಯಲ್ಲಿರಬೇಕು" ಎಂದರು. ಮುಂದಿನ ಶನಿವಾರವೇ ಹೋದೆ. ಟಾರ್ಪಾಲಿನ ಕೆಳಗೆ, ಇಲಿ ಗೂಡುಗಳ ನಡುವೆ, ಕಿತ್ತಳೆ ಬಣ್ಣ ಅಲ್ಲಲ್ಲಿ ಉಳಿದ ಒಂದು ಎಂಜಿನ್ ಇತ್ತು.

ಷೆವರ್ಲೆಯ ಈ ಎಂಜಿನ್ನುಗಳಲ್ಲಿ ಪ್ರಯಾಣಿಕರ ಬದಿಯ ಹೆಡ್ಡಿನ ಮುಂದೆ ಎರಡು ಬೆರಳಗಲದ ಸಮತಟ್ಟಾದ ಜಾಗ ಇದೆ. ಅದೇ ಪ್ಯಾಡ್. ಎಂಜಿನ್ ಜೋಡಿಸಿದ ಊರು, ತಿಂಗಳು, ದಿನ, ಯಾವ ಗಾಡಿಗೆಂದು ಮಾಡಿದ್ದು ಎಂಬ ಸಂಕೇತ ಎಲ್ಲ ಅದರ ಮೇಲೆ ಪಂಚ್ ಆಗಿರುತ್ತದೆ. ಅದನ್ನು ಮರಳು ಕಾಗದದಿಂದ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಕಾಲು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಹೀಗೆ ಮೂರು ಸಲ. ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರ ಮೂಡಿದವು: ವಿ0407ಎಚ್‌ಇ. ವಿ ಎಂದರೆ ಫ್ಲಿಂಟ್, ಏಪ್ರಿಲ್ 7, ಎಚ್‌ಇ ಎಂದರೆ 300 ಅಶ್ವಶಕ್ತಿಯ 350, ಟರ್ಬೊ ಹೈಡ್ರಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗಾಗಿ. ಪಕ್ಕದಲ್ಲಿ 19ಎನ್, ಅದರ ಮುಂದೆ ನನ್ನ ಕಾರಿನ ಕೊನೆಯ ಆರು ಅಂಕಿಗಳು. ಒಂದೂ ತಪ್ಪಿಲ್ಲ. ಆಯಿಲ್ ಫಿಲ್ಟರಿನ ಮೇಲ್ಗಡೆ ಒರಟು ಎರಕದ ಮೇಲೂ ಅದೇ ನಂಬರ್ ಸಿಕ್ಕಿತು. 1969ರ ಕಾರುಗಳಲ್ಲಿ ಅಲ್ಲೂ ಹುಡುಕಬೇಕು. ಎರಕದ ತಾರೀಖು ಮಾರ್ಚ್ 26, ಜೋಡಣೆ ಏಪ್ರಿಲ್ 7, ಕಾರಿನ ಫೈರ್‌ವಾಲಿನ (ಎಂಜಿನ್ನಿಗೂ ಒಳಗಿನ ಸೀಟುಗಳಿಗೂ ನಡುವಿನ ಗೋಡೆ) ತಗಡಿನ ಮೇಲೆ 04ಸಿ, ಅಂದರೆ ಏಪ್ರಿಲ್ ಮೂರನೇ ವಾರ. ಮೂರೂ ಒಂದರ ಹಿಂದೆ ಒಂದು ಸರಿಯಾಗಿ ಬಂದವು. ನಾನು ಕಣಜದ ನೆಲದ ಮೇಲೆ ಕೂತುಬಿಟ್ಟೆ.

ಅಕ್ಷರಗಳಿಗಿಂತ ಹೆಚ್ಚು ಮುಖ್ಯವಾದ ಸಾಕ್ಷಿ ಅವುಗಳ ಹಿಂದಿನ ಗೆರೆಗಳು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಯಂತ್ರ ಹೆರೆಯುವಾಗ ಎಂಜಿನ್ನಿನ ಉದ್ದಕ್ಕೆ ಕೂದಲೆಳೆಯಂಥ ನೇರ ಗೆರೆಗಳು ಬೀಳುತ್ತವೆ. ಆಮೇಲೆ ಲೇತ್ ಅಂಗಡಿಯಲ್ಲಿ ಬ್ಲಾಕ್ ಫೇಸಿಂಗ್ ಮಾಡಿಸಿದ್ದರೆ ಬೀಳುವುದು ಕಮಾನಿನಂಥ ಗೆರೆಗಳು. ಹಳೆ ನಂಬರ್ ಅಳಿಸಿ ಹೊಸದು ಪಂಚ್ ಮಾಡಿ ಮೋಸಮಾಡುವವರಿದ್ದಾರೆ. ಗೆರೆಗಳು ಅವರನ್ನು ಹಿಡಿದುಕೊಡುತ್ತವೆ. ನನ್ನ ಪ್ಯಾಡಿನ ಗೆರೆಗಳು ನೇರವಾಗಿದ್ದವು.

ಎಂಜಿನ್ ಜಾಮ್ ಆಗಿತ್ತು. ಪ್ಲಗ್ಗುಗಳನ್ನು ಬಿಚ್ಚಿ, ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ದ್ರವ ಮತ್ತು ಅಸಿಟೋನ್ ಸಮಸಮ ಬೆರೆಸಿ ಎಂಟೂ ಸಿಲಿಂಡರಿಗೆ ಹೊಯ್ದೆ. ಎರಡು ವಾರ ಕಾದೆ, ಒತ್ತಾಯ ಮಾಡಲಿಲ್ಲ. ಹದಿನಾರನೇ ದಿನ ಕ್ರ್ಯಾಂಕ್ ಒಂದಿಷ್ಟು ಕದಲಿತು. ಬಿಚ್ಚಿದಾಗ ಬಡಿತದ ಕಾರಣ ಗೊತ್ತಾಯಿತು: ಆರನೇ ಕನೆಕ್ಟಿಂಗ್ ರಾಡಿನ ಬೇರಿಂಗ್ ತಿರುಗಿ, ಅದು ಕೂರುವ ಕ್ರ್ಯಾಂಕಿನ ಜರ್ನಲ್ಲನ್ನು ಗೀರಿತ್ತು. ಸಿಲಿಂಡರಿನ ಬೋರಿನಲ್ಲಿ ಸವೆತ 7 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗ ಎಂದರೆ ಒಂದು ಥೌ). ಪ್ರತಿ ಕ್ಯಾಪಿನ ಮೇಲೆ ಅದರ ರಾಡಿನ ನಂಬರ್ ಗುರುತುಮಾಡಿಯೇ ಬಿಚ್ಚಿ. ಅದಲುಬದಲಾದರೆ ಮತ್ತೆ ಸರಿಹೋಗದು.

ಲೇತ್ ಅಂಗಡಿಯಲ್ಲಿ ನನ್ನ ನಿಜವಾದ ಜಗಳ ಶುರುವಾಯಿತು. ಬ್ಲಾಕ್ ಬಂದರೆ ಮೇಲ್ಮೈ ಹೆರೆದುಬಿಡುವುದು ಅವರ ರೂಢಿ. ಪ್ಯಾಡ್ ಇರುವುದು ಅದೇ ಮಟ್ಟದಲ್ಲಿ. ಯಂತ್ರ ಒಂದೇ ಸಲ ಹಾದರೂ ಗೆರೆ, ನಂಬರ್ ಎಲ್ಲ ಪುಡಿಯಾಗಿ ಕೆಳಗೆ ಬೀಳುತ್ತವೆ. ಮೊದಲು ಹೋದ ಅಂಗಡಿಯವರು "ಹೆರೆಯದೆ ಗ್ಯಾರಂಟಿ ಕೊಡಲ್ಲ" ಎಂದರು. ಬ್ಲಾಕ್ ವಾಪಸು ತಂದೆ. ಎರಡನೇ ಅಂಗಡಿಯವರು ನೇರಪಟ್ಟಿ ಇಟ್ಟು ನನ್ನೆದುರಿಗೇ ಅಳೆದರು. ಸಂದು ಅಳೆಯುವ 2 ಥೌ ಫೀಲರ್ ಎಲೆ ಎಲ್ಲೂ ನುಗ್ಗಲಿಲ್ಲ. ಹೆರೆಯುವ ಅಗತ್ಯವೇ ಇರಲಿಲ್ಲ. ಕಾರ್ಖಾನೆಯ ತೆಳು ಉಕ್ಕಿನ ಗ್ಯಾಸ್ಕೆಟ್ ಬದಲು 40 ಥೌ ದಪ್ಪದ ಕಾಂಪೊಸಿಟ್ ಗ್ಯಾಸ್ಕೆಟ್ ಹಾಕಿದರೆ ಸಣ್ಣಪುಟ್ಟ ಗುಳಿಗಳನ್ನು ಅದು ನುಂಗಿಕೊಳ್ಳುತ್ತದೆ. ಕಂಪ್ರೆಷನ್ ಕೊಂಚ ಇಳಿಯುತ್ತದೆ ನಿಜ. ಮೂಲತಃ 10.25 ಇದ್ದ ಎಂಜಿನ್ನಿಗೆ ಇಂದಿನ ಪೆಟ್ರೋಲಿನಲ್ಲಿ ಅದು ಒಳ್ಳೆಯದೇ. ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಸ್ವಚ್ಛಮಾಡುವ ಶಾಟ್ ಬ್ಲಾಸ್ಟಿಂಗ್ ಸಹ ಪಂಚ್ ಅಕ್ಷರಗಳನ್ನು ಸವೆಸುತ್ತದೆ. ಪ್ಯಾಡಿನ ಅಳತೆಗೆ ಉಕ್ಕಿನ ಪಟ್ಟಿ ಕತ್ತರಿಸಿ, ರಬ್ಬರ್ ಹಾಸಿ, ಹೆಡ್ಡಿನ ಬೋಲ್ಟ್ ರಂಧ್ರಕ್ಕೇ ಬಿಗಿದು ಕೊಟ್ಟೆ. "ಈ ಪಟ್ಟಿ ತೆಗೆಯಬೇಡಿ" ಎಂದು ಕೆಂಪು ಬಣ್ಣದಲ್ಲಿ ಬರೆದೂ ಇಟ್ಟೆ.

ಉಳಿದದ್ದು ಎಲ್ಲರೂ ಮಾಡಿಸುವ ಕೆಲಸ. ಬಿರುಕು ಪರೀಕ್ಷೆ, 30 ಥೌ ಬೋರಿಂಗ್, ಕ್ರ್ಯಾಂಕ್ 10 ಥೌ ಗ್ರೈಂಡಿಂಗ್, ಸೀಸವಿಲ್ಲದ ಪೆಟ್ರೋಲಿಗಾಗಿ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟು. ಜೋಡಣೆ ಮನೆಯಲ್ಲೇ, ಬೇಸ್‌ಮೆಂಟಿನಲ್ಲಿ. ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಎಳೆ ಇಟ್ಟು ಪ್ರತಿ ಬೇರಿಂಗಿನ ಸಂದು ಅಳೆದೆ, ಎಲ್ಲ 1.5ರಿಂದ 2.5 ಥೌ ಒಳಗೆ.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಈ ಎಂಜಿನ್ನಿನ ಹೆಡ್ ಬೋಲ್ಟುಗಳು ನೀರಿನ ಜಾಕೆಟ್ಟಿನೊಳಕ್ಕೇ ಇಳಿಯುತ್ತವೆ, ಪ್ರತಿ ಬೋಲ್ಟಿನ ಮರೆಗೂ (ಥ್ರೆಡ್ಡಿಗೂ) ಸೀಲಂಟ್ ಬೇಕೇ ಬೇಕು. ರಾತ್ರಿ ಹನ್ನೊಂದಕ್ಕೆ ಆತುರದಲ್ಲಿ ಎರಡಕ್ಕೆ ಬಿಟ್ಟೆ. ಟ್ಯಾಪೆಟ್ ಹೊಂದಿಸುವ ಮುಂಚೆ ಕೂಲೆಂಟ್ ತುಂಬಿಟ್ಟಿದ್ದರಿಂದ ಬೆಳಗ್ಗೆ ಎರಡು ಬೋಲ್ಟುಗಳ ಸುತ್ತ ಹಸಿರು ಉಂಗುರ ಕಂಡಿತು. ಕೂಲೆಂಟ್ ಖಾಲಿಮಾಡಿ, ಒಂದೊಂದೇ ಬೋಲ್ಟ್ ತೆಗೆದು ಸೀಲಂಟ್ ಹಚ್ಚಿ, ಮತ್ತೆ 65 ಫುಟ್ ಪೌಂಡಿಗೆ ಬಿಗಿದೆ. ಕೂಲೆಂಟ್ ಬೆರೆತಿರಬಹುದೆಂದು ಕೆಳಗಿನ ಆಯಿಲ್ ಚೇಂಬರಿಗೆ ಹಾಕಿದ್ದ ಹೊಸ ಆಯಿಲ್ಲನ್ನೂ ಚೆಲ್ಲಬೇಕಾಯಿತು.

ಸ್ಟಾರ್ಟ್ ಮಾಡುವ ದಿನ ಡಿಸ್ಟ್ರಿಬ್ಯೂಟರ್ ತೂತಿನಿಂದ ಸಲಾಕೆ ಇಳಿಸಿ, ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ, ಹದಿನಾರೂ ರಾಕರ್‌ಗಳಲ್ಲಿ ಆಯಿಲ್ ಜಿನುಗುವವರೆಗೂ ಕಾದೆ. ಹೊಸ ಕ್ಯಾಮ್, ಚಪ್ಪಟೆ ಟ್ಯಾಪೆಟ್. ಜಿಂಕ್ ಹೆಚ್ಚಿರುವ ಆಯಿಲ್ ಹಾಕಿ, ಐಡಲ್‌ಗೆ ಬಿಡದೆ ಇಪ್ಪತ್ತು ನಿಮಿಷ, ನಿಮಿಷಕ್ಕೆ 2000 ಸುತ್ತಿನ ವೇಗದಲ್ಲೇ ಓಡಿಸಬೇಕು, ಇಲ್ಲದಿದ್ದರೆ ಕ್ಯಾಮ್ ತಿಂದುಹೋಗುತ್ತದೆ. ಎರಡನೇ ಕ್ರ್ಯಾಂಕಿಗೇ ಹೊತ್ತಿಕೊಂಡಿತು. ಹೆಂಡತಿ ಗಡಿಯಾರ ಹಿಡಿದಿದ್ದಳು, ನಾನು ಆಯಿಲ್ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

500 ಮೈಲಿಗೆ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿ ನೋಡಿದೆ, ಲೋಹದ ಚೂರಿಲ್ಲ. ಪ್ಯಾಡಿಗೆ ಬಣ್ಣ ಬಳಿದಿಲ್ಲ, ತಿಂಗಳಿಗೊಮ್ಮೆ ಆಯಿಲ್ ಬಟ್ಟೆಯಿಂದ ಒರೆಸುತ್ತೇನೆ. ಕಳೆದ ವಾರ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ದಾವಣಗೆರೆಗೆ ಅಪ್ಪನಿಗೆ ಕಳಿಸಿದೆ.