ಸೂಪರ್‌ವಿಷನ್‌ನಲ್ಲಿ ರೂಪಕವನ್ನು ಬಳಸುವ ಬಗೆ

ಆಪ್ತಸಮಾಲೋಚಕರು ತಮ್ಮ ಪ್ರಕರಣಗಳನ್ನು ಅನುಭವಿಗಳೊಂದಿಗೆ ಚರ್ಚಿಸುವ ಸೂಪರ್‌ವಿಷನ್‌ಗೆ ಕುಳಿತಾಗ, ರೂಪಕವನ್ನು ಮಾರ್ಗದರ್ಶಕರಾದ ನಾವು ಹೊಸೆದು ಕೊಡಬೇಕಾಗಿಲ್ಲ. ಎದುರಿಗಿರುವವರ ಮಾತಿನಲ್ಲಿ ಅದು ಆಗಲೇ ಇಣುಕಿರುತ್ತದೆ. ಅದನ್ನು ಗುರುತಿಸಿ, ಅವಸರಪಡದೆ ಅದರ ಜೊತೆ ಇರುವುದು ನಮ್ಮ ಕೆಲಸ.

ಬಾಗಲಕೋಟೆಯಲ್ಲಿ ನನ್ನ ಬಳಿ ಬರುವ, ನೇಕಾರ ಮನೆತನದ ಸಮಾಲೋಚಕಿಯೊಬ್ಬರು (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ) ಒಮ್ಮೆ, ತಮ್ಮಲ್ಲಿ ಸಮಾಲೋಚನೆಗೆ ಬರುವ ಹುಡುಗನೊಬ್ಬನ ಬಗ್ಗೆ, "ನಾಕು ಸಲ ಕುಂತರೂ ಆ ಹುಡುಗನ ಜೋಡಿ ಕೊಂಡಿ ಕೂಡವಲ್ದ್ರೀ ಮೇಡಂ" ಎಂದರು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಇದರ ಅರ್ಥವನ್ನು ನಾನೇ ಬಿಡಿಸಿ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ, 1980ರ ದಶಕದಲ್ಲಿ ಮನೋಚಿಕಿತ್ಸಕ ಡೇವಿಡ್ ಗ್ರೋವ್ ರೂಪಿಸಿದ ಕ್ರಮದಂತೆ, ಅವರ ಪದವನ್ನೇ ಹಿಡಿದು ಕೇಳಿದೆ: "ಅದು ಎಂಥ ಕೊಂಡಿ? ಅದರ ಬಗ್ಗೆ ಇನ್ನೇನಾದರೂ ಇದೆಯೇ?" ಅವರು ಸುಮ್ಮನಾದರು, ಹೆಬ್ಬೆರಳು, ತೋರುಬೆರಳು ಎಳೆ ಹೊಸೆಯುವಂತೆ ಆಡುತ್ತಿದ್ದವು. ಆಮೇಲೆ, "ಎಳಿ ನಾನ ಜಗ್ಗಾಕತ್ತೀನ್ರೀ, ಅವನ ಕಡೆ ಇನ್ನೂ ಕುಣಿಕಿನ ಬಿದ್ದಿಲ್ಲ" ಎಂದರು. ಬೆರಳುಗಳ ಆ ಚಲನೆಯನ್ನೂ ಮಾತಿನಷ್ಟೇ ಗಮನವಿಟ್ಟು ನೋಡಬೇಕು.

ಚಿತ್ರ ಇಷ್ಟು ತೆರೆದುಕೊಂಡ ಮೇಲೆ ಅದನ್ನು ಪ್ರಕರಣಕ್ಕೆ ಮರಳಿ ತರಲೇಬೇಕು. "ಮುಂದಿನ ಭೇಟಿಯಲ್ಲಿ ಜಗ್ಗದೆ ಇರುವುದೆಂದರೆ ಏನು ಮಾಡುವುದು?" ಎಂದು ಕೇಳಿದಾಗ, ಪ್ರಶ್ನೆಗಳ ಪಟ್ಟಿಯನ್ನು ಬದಿಗಿಟ್ಟು ಹುಡುಗನೇ ಮಾತು ತೆಗೆಯುವವರೆಗೆ ಕಾಯುವುದಾಗಿ ಅವರೇ ನಿರ್ಧರಿಸಿದರು.

ಅದೇ ಹೊತ್ತಿಗೆ ನಮ್ಮೊಳಗನ್ನೂ ಗಮನಿಸಿಕೊಳ್ಳಬೇಕು. ಅಂದು ನನಗೂ ಬೇಗ ಉತ್ತರ ಕೊಟ್ಟುಬಿಡುವ ತವಕವಿತ್ತು. ವಿಜಯಪುರದ ಗೋಳಗುಮ್ಮಟದ ಮೊಗಸಾಲೆಯಲ್ಲಿ ಒಂದು ಕಡೆ ಪಿಸುಗುಟ್ಟಿದ್ದು ಎದುರು ಗೋಡೆಯ ಬಳಿ ನಿಂತವರಿಗೆ ಕೇಳುವಂತೆ, ಸಮಾಲೋಚನೆಯ ಕೋಣೆಯಲ್ಲಿ ನಡೆದದ್ದು ಸೂಪರ್‌ವಿಷನ್‌ನಲ್ಲಿ ಮರುದನಿಸುವುದುಂಟು. 1955ರಲ್ಲಿ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ ಈ ಪ್ರತಿಫಲನವನ್ನು ವಿವರಿಸಿದ್ದಾರೆ. ನನ್ನ ತವಕವನ್ನು ಹೇಳಿಕೊಂಡದ್ದರಿಂದ ಅವರಿಗೆ ತಮ್ಮ ಅವಸರ ಇನ್ನಷ್ಟು ಸ್ಪಷ್ಟವಾಯಿತು.

ಮಾತು ಹೊರಡದವರಿಗೆ ಚಿತ್ರ ಬಿಡಿಸಲು ಹಾಳೆ, ಪೆನ್ಸಿಲ್ ಕೊಡಬಹುದು. ಆದರೆ ಆತ್ಮಹತ್ಯೆಯ ಅಥವಾ ಹಿಂಸೆಯ ಸುಳಿವು ಬಂದ ಕೂಡಲೇ ರೂಪಕವನ್ನು ಬಿಟ್ಟು ನೇರವಾಗಿ, ಬಿಡಿಸಿ ಕೇಳಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಕೊನೆಗೆ ಟಿಪ್ಪಣಿಯಲ್ಲಿ ರೂಪಕವನ್ನು ಅವರದೇ ಪದಗಳಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ "ಕೊಂಡಿ ಏನಾತ್ರೀ?" ಎಂಬ ಪ್ರಶ್ನೆಯಿಂದಲೇ ಮಾತು ಆರಂಭಿಸಬಹುದು.