ಕರಾವಳಿಯ ಮನೆಯಲ್ಲಿ ಕ್ರೊಕೊಡೈಲ್ ಸ್ಕಿಂಕ್ ಸಾಕುವುದು ಹೇಗೆ?

ಮೊದಲ ಬಾರಿಗೆ ಹಲ್ಲಿ ಜಾತಿಯ ಪ್ರಾಣಿ ಸಾಕುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕ್ರೊಕೊಡೈಲ್ ಸ್ಕಿಂಕ್ ಎತ್ತಿ ಆಡಿಸುವ ಪ್ರಾಣಿಯಲ್ಲ. ಹಿಡಿದರೆ ಕಿರುಚುತ್ತದೆ, ಇಲ್ಲವೇ ಸತ್ತಂತೆ ಸೆಟೆದು ಬಿದ್ದುಬಿಡುತ್ತದೆ. ನಮಗೆ ಅದು ಮೋಜು, ಅದಕ್ಕೆ ಜೀವಭಯ. ದೀಪ ಹಚ್ಚುವ ಹೊತ್ತಿಗೆ ಗಾಜಿನ ಮುಂದೆ ಸದ್ದಿಲ್ಲದೆ ಕೂರುವ ತಾಳ್ಮೆಯಿದ್ದರೆ ಮಾತ್ರ ತನ್ನಿ.

ನಮ್ಮ ತೋಟದ ಹಾವುರಾಣಿಯ ಕುಲದ್ದೇ ಆದರೂ ಇದರ ಊರು ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪ. ಉದ್ದ ಸುಮಾರು 20 ಸೆಂ.ಮೀ., ಮೈ ಕಪ್ಪುಗಂದು, ಬೆನ್ನ ತುಂಬ ಮುಳ್ಳಿನ ಸಾಲು, ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಬಳೆ. ಅಲ್ಲಿನ ತೆಂಗಿನ ತೋಟಗಳಲ್ಲಿ ಸಿಪ್ಪೆಯ ರಾಶಿಯಡಿಯೂ ಇದು ಸಿಗುತ್ತದೆ. ಹಾಗಾಗಿ ನಮ್ಮ ಹಿತ್ತಿಲಿನಲ್ಲೇ ಅದರ ಮನೆಗೆ ಬೇಕಾದ ಸಾಮಾನು ಬಿದ್ದಿರುತ್ತದೆ.

ಮಾರಾಟಕ್ಕೆ ಬರುವ ಬಹಳಷ್ಟು ಸ್ಕಿಂಕ್‌ಗಳು ಕಾಡಿನಿಂದ ಹಿಡಿದವು. ಸಾಕಣೆಯಲ್ಲೇ ಹುಟ್ಟಿದ್ದನ್ನು ಕೇಳಿ ಪಡೆಯಿರಿ. ಕಾಗದಪತ್ರ ನೋಡದೆ ಹಣ ಕೊಡಬೇಡಿ. ಅರಣ್ಯ ಇಲಾಖೆಯಲ್ಲೂ ಮೊದಲೇ ವಿಚಾರಿಸಿ.

ಒಂದು ಪ್ರಾಣಿಗೆ ಸುಮಾರು 75 ಸೆಂ.ಮೀ. ಉದ್ದದ, ಬಿಗಿ ಜಾಲರಿ ಮುಚ್ಚಳದ ಗಾಜಿನ ತೊಟ್ಟಿ ಸಾಕು. ತಳಕ್ಕೆ ಹೊಳೆಯ ಉರುಟು ಕಲ್ಲು, ಮೇಲೆ ಬಲೆ, ಅದರ ಮೇಲೆ ನಾಲ್ಕು ಬೆರಳು ದಪ್ಪ ತೆಂಗಿನ ನಾರಿನ ಪುಡಿ. ಪುಡಿಯನ್ನು ಚೆನ್ನಾಗಿ ತೊಳೆದು ಹಿಂಡಿ ಹಾಕಿ, ಉಪ್ಪಿನಂಶ ಉಳಿದಿರಬಾರದು. ಅದರ ಮೇಲೆ ಔಷಧಿ ಹೊಡೆಯದ ಮರದ ದರಕು (ಒಣಗಿದ ಎಲೆ) ಹರಡಿ, ಎರಡು ಮೂರು ಕಡೆ ತೆಂಗಿನ ಸಿಪ್ಪೆ ಕವುಚಿ ಹಾಕಿ. ಅಡಗಲು ಜಾಗವಿಲ್ಲದಿದ್ದರೆ ಇದು ಊಟ ಬಿಡುತ್ತದೆ. ಮೈ ಮುಳುಗಿಸಿ ಕೂರಲು ಅಗಲವಾದ, ಆಳವಿಲ್ಲದ ನೀರಿನ ಬೋಗುಣಿಯೂ ಬೇಕು. ಬೇಸಿಗೆಯಲ್ಲಿ ಕಡಲಂಚಿನ ಬಾವಿಗಳಿಗೆ ಉಪ್ಪು ಹತ್ತುತ್ತದೆ, ಆಗ ಸಿಹಿನೀರೇ ತಂದು ಹಾಕಿ.

ಹೊರದೇಶದವರ ಸಲಹೆ ಓದಿ ದೊಡ್ಡ ಬಿಸಿ ದೀಪ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಚಳಿ, ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಯೇ ಇದರ ಶತ್ರು. ಇದಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿ. 30 ದಾಟಿದರೆ ಅಪಾಯ. ತೊಟ್ಟಿಯನ್ನು ಬಿಸಿಲು ತಾಗದ, ನೆಲಮಟ್ಟದ ಕೋಣೆಯಲ್ಲಿಡಿ. ಹಂಚಿನ ಮಾಡಿನ ಅಟ್ಟದಲ್ಲಂತೂ ಬೇಡವೇ ಬೇಡ. ಉರಿ ಮಧ್ಯಾಹ್ನ ಐಸ್ ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗಾಜಿನ ಹೊರಮೈಗೆ ಒತ್ತಿಡಿ. ಶಿರಸಿಯವರಿಗೆ ಘಟ್ಟದ ತಂಪಿದೆ, ಆದರೆ ಡಿಸೆಂಬರ್ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೆ ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್ ಇರುವ ಸಣ್ಣ ಹೀಟರ್ ಬೇಕಾಗುತ್ತದೆ. ಹಗಲಿಗೆ ಮಂದವಾದ ಯುವಿಬಿ (ನೇರಳಾತೀತ ಕಿರಣದ) ದೀಪ ಒಳ್ಳೆಯದು.

ತೇವಾಂಶ ಶೇ. 70-80 ಇರಲಿ. ಮಳೆಗಾಲದಲ್ಲಿ ನೀರು ಚಿಮುಕಿಸುವ ಮೊದಲು ತೇವಾಂಶ ಅಳೆಯುವ ಹೈಗ್ರೋಮೀಟರ್ ನೋಡಿ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಬಿಳಿ ಬೂಸ್ಟು ಹಿಡಿದ ದರಕನ್ನು ಅಂದೇ ತೆಗೆದುಹಾಕಿ, ಗಾಳಿಯಾಡಲು ಬಿಡಿ.

ಊಟಕ್ಕೆ ಸಾಕಿದ ಕ್ರಿಕೆಟ್ ಹುಳು, ಸಾಕಿದ ಜಿರಲೆ, ನಡುನಡುವೆ ಎರೆಹುಳು. ಹುಳುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಕತ್ತಲಾದ ಮೇಲೆ ಬಿಡಿ. ಅಡುಗೆಮನೆಯ ಜಿರಲೆ ಖಂಡಿತ ಬೇಡ, ವಿಷ ತಿಂದಿರಬಹುದು.

ಎರಡು ಗಂಡುಗಳನ್ನು ಒಟ್ಟಿಗೆ ಇಡಬೇಡಿ, ಕಚ್ಚಾಡುತ್ತವೆ. ಜೋಡಿಯಿದ್ದರೆ ಹೆಣ್ಣು ಒಂದು ಸಲಕ್ಕೆ ಒಂದೇ ಮೊಟ್ಟೆಯಿಟ್ಟು, ಅದನ್ನು ಮೈಯಿಂದ ಬಳಸಿ ಕಾಯುತ್ತದೆ. ಸಿಪ್ಪೆ ಎತ್ತಿದಾಗ ಹಾಗೆ ಸುತ್ತಿ ಮಲಗಿದ್ದು ಕಂಡರೆ ಮೆಲ್ಲನೆ ಮುಚ್ಚಿಬಿಡಿ. ಮೊಟ್ಟೆ ತೆಗೆಯಲೇಬೇಕಾದರೆ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಿರುಗಿಸದೆ ಎತ್ತಿ, ಅದೇ ಮೈ ಮೇಲಿರುವಂತೆ ತೇವದ ಪುಡಿಯಲ್ಲಿಡಿ.